ಊರಿಗೊಂದು ಸೇರು, ಕಂಪನಿಗೊಂದು ಮೀಟರು



ಕಳೆದ ಸಂಚಿಕೆಯಲ್ಲಿ ಸಂಪಾದಕರು “ಅಡುಗೆ, ಪ್ರವಾಸ, ಹನಿಗವನ ಬಿಟ್ಟು ನಿಮ್ಮ ನಿಮ್ಮ ಕೆಲಸದ ಬಗ್ಗೆಯೂ ಯಾರಾದರೂ ಬರೆಯಿರಪ್ಪಾ” ಎಂದು ಕೇಳಿಕೊಂಡಿದ್ದರು. ನಾನು ವಿದ್ಯುತ್ ಇಂಜಿನಿಯರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಈ ಮಿಷಿಗನ್‌ನಲ್ಲಿ ರಿಲೇ, ಮೀಟರು, ಸಬ್‌ಸ್ಟೇಷನ್ನು ಅಂತ ಏಗಿಕೊಂಡು ಬಂದಿದ್ದೇನೆ. ಕೆಲವು ವರ್ಷಗಳಿಂದ ‘ಸ್ಮಾರ್ಟ್ ಗ್ರಿಡ್’ ಸ್ಟ್ಯಾಂಡರ್ಡುಗಳನ್ನು ಬರೆಯುವ ಸಮಿತಿಯೊಂದರಲ್ಲೂ ಕೂರುತ್ತೇನೆ. ಪಾರ್ಟಿಗಳಲ್ಲಿ ಇದನ್ನು ಹೇಳಿದರೆ ಎದುರಿಗಿದ್ದವರು “ಓ ಹೌದಾ” ಎಂದು ನಕ್ಕು ಪಕೋಡದ ತಟ್ಟೆ ಕಡೆ ಸರಿಯುತ್ತಾರೆ. ಅವರ ತಪ್ಪಲ್ಲ. ನಮ್ಮೂರಿನಲ್ಲಿ ಸ್ಟ್ಯಾಂಡರ್ಡ್ ಎಂದರೆ ಏಳನೇ ಸ್ಟ್ಯಾಂಡರ್ಡು, ಎಂಟನೇ ಸ್ಟ್ಯಾಂಡರ್ಡು ಅಷ್ಟೇ ತಾನೆ!

ಆದರೆ ವಿಷಯ ನಮ್ಮ ಅಡುಗೆಮನೆಗೇ ಬಂದಿದೆ. ಅಮೆರಿಕಕ್ಕೆ ಬರುವಾಗ “110 ವೋಲ್ಟಿನ ಮಿಕ್ಸಿಯೇ ತೊಗೊಳ್ಳಿ, ಇಲ್ಲದಿದ್ದರೆ ಅಲ್ಲಿ ಚಟ್ನಿ ಆಗಲ್ಲ” ಎಂಬ ಉಪದೇಶ ಕೇಳದೆ ವಿಮಾನ ಹತ್ತಿದವರು ನಮ್ಮಲ್ಲಿ ಎಷ್ಟು ಜನ? ಊರಿಗೆ ಹೋಗುವಾಗ ಸೂಟ್‌ಕೇಸಿನ ತಳದಲ್ಲಿ ಎರಡು ಮೂರು ಅಡಾಪ್ಟರು ಇಲ್ಲದವರು ಯಾರು? ಜಗತ್ತಿನಲ್ಲಿ ಇವತ್ತಿಗೂ ಹದಿನೈದು ಬಗೆಯ ಪ್ಲಗ್ಗುಗಳಿವೆ. 1906ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಈಗ ಜಿನೀವಾದಲ್ಲಿ ನೆಲೆಸಿರುವ ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ (ಐ.ಇ.ಸಿ. ಎಂದೇ ಎಲ್ಲರೂ ಕರೆಯುವುದು) 1986ರಲ್ಲಿ ಇಡೀ ಪ್ರಪಂಚಕ್ಕೆಲ್ಲ ಒಂದೇ ಪ್ಲಗ್ಗು ಇರಲಿ ಎಂದು ಒಂದು ಸ್ಟ್ಯಾಂಡರ್ಡು ಹೊರಡಿಸಿತು. ಅದನ್ನು ಕೈಗೆತ್ತಿಕೊಂಡ ದೊಡ್ಡ ದೇಶಗಳು ಬ್ರೆಜಿಲ್ ಮತ್ತು ದಕ್ಷಿಣ ಆಫ್ರಿಕ, ಅಷ್ಟೆ. ಉಳಿದವರೆಲ್ಲ ಅಷ್ಟು ಹೊತ್ತಿಗೆ ಗೋಡೆ ಕಟ್ಟಿ, ವೈರಿಂಗ್ ಮಾಡಿಸಿ, ಸುಣ್ಣ ಬಣ್ಣ ಬಳಿಸಿ ಆಗಿತ್ತು. ಇನ್ನು ಯಾರು ಒಡೆಯುತ್ತಾರೆ?

ನನ್ನ ವಾದ ಇದೇ. ವಿದ್ಯುತ್ ಜಾಲಕ್ಕೆ ಈಗ ಹೊಸ ಗೋಡೆ ಕಟ್ಟುತ್ತಿದ್ದಾರೆ, ಅದರಲ್ಲೂ ಭಾರತದಲ್ಲಿ. ಗಾರೆ ಇನ್ನೂ ಹಸಿಯಾಗಿದೆ. ಈಗ ಸುಮ್ಮನಿದ್ದರೆ ನಮ್ಮ ಮಕ್ಕಳೂ ಸೂಟ್‌ಕೇಸಿನ ತುಂಬ ಅಡಾಪ್ಟರು ಹೊರಬೇಕಾಗುತ್ತದೆ.

ಮೊದಲು, ಈ ಸ್ಮಾರ್ಟ್ ಗ್ರಿಡ್ ಅಂದರೆ ಏನು? 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತೊಂಬತ್ತು ಮೈಲಿಗೂ ಹೆಚ್ಚು ದೂರ ಕರೆಂಟು ಕಳಿಸಿದರಲ್ಲ, ಅದು ನಮ್ಮೆಲ್ಲರಿಗೂ ಹೆಮ್ಮೆಯ ಕಥೆ. ಆ ಕಥೆಯಲ್ಲಿ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುತ್ತದೆ. ಮೇಲಿಂದ ಕೆಳಕ್ಕೆ, ನಾಲೆಯ ನೀರಿನಂತೆ. ನೂರು ವರ್ಷ ಹಾಗೇ ನಡೆಯಿತು. ಈಗ ನಮ್ಮ ಬೀದಿಯಲ್ಲೇ ನಾಲ್ಕು ಮನೆಯ ಮಾಡಿನ ಮೇಲೆ ಸೋಲಾರ್ ಇದೆ, ಗ್ಯಾರೇಜಿನಲ್ಲಿ ಬ್ಯಾಟರಿ ಕಾರಿದೆ. ಗ್ರಾಹಕನೇ ಮಧ್ಯಾಹ್ನ ಮಾರುತ್ತಾನೆ, ಸಂಜೆ ಕೊಳ್ಳುತ್ತಾನೆ. ಹೀಗಾದಾಗ ಮೀಟರು, ಇನ್ವರ್ಟರು, ಚಾರ್ಜರು, ಸಬ್‌ಸ್ಟೇಷನ್ನು, ಕಂಟ್ರೋಲ್ ರೂಮು ಎಲ್ಲವೂ ಒಂದಕ್ಕೊಂದು ಮಾತಾಡಬೇಕು. ಮಾಡಿದ ಕಂಪನಿಗಳು ನೂರಾರು, ಮಾತು ಒಂದೇ ಇರಬೇಕು. ಅಷ್ಟೇ ಸ್ಟ್ಯಾಂಡರ್ಡಿನ ಕೆಲಸ.

ಭಾಷೆ ಒಂದಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ವೃತ್ತಿಯವರೆಲ್ಲ ಹೇಳುವ ಒಂದು ಹಳೆಯ ಕಥೆಯಿದೆ. 1904ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿತ್ತು. ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ನಿಂದೆಲ್ಲ ಅಗ್ನಿಶಾಮಕ ದಳದವರು ಓಡಿ ಬಂದರು. ನೀರಿತ್ತು, ಜನರಿದ್ದರು, ಪೈಪುಗಳಿದ್ದವು. ಆದರೆ ಬಂದವರ ಪೈಪಿನ ತಿರುಪು ಬಾಲ್ಟಿಮೋರಿನ ನಲ್ಲಿಗೆ ಕೂರಲೇ ಇಲ್ಲ! ಒಂದೂವರೆ ಸಾವಿರಕ್ಕೂ ಹೆಚ್ಚು ಕಟ್ಟಡ ಸುಟ್ಟು ಹೋದವು. ಆಮೇಲೆ ರಾಷ್ಟ್ರೀಯ ಸ್ಟ್ಯಾಂಡರ್ಡು ಬಂತು ಅನ್ನಿ. ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ, ನನಗೆ ಅದರ ಬಾಲವೇ ಹೆಚ್ಚು ಇಷ್ಟ. ನೂರು ವರ್ಷ ಕಳೆದ ಮೇಲೆ, 2004ರಲ್ಲಿ ಎಣಿಸಿ ನೋಡಿದರೆ, ಅಮೆರಿಕದ 48 ದೊಡ್ಡ ನಗರಗಳಲ್ಲಿ ಆ ಸ್ಟ್ಯಾಂಡರ್ಡಿನ ನಲ್ಲಿ ಹಾಕಿಕೊಂಡಿದ್ದವು ಬರೀ 18. ಕಾಗದದ ಮೇಲೆ ಬರೆಯುವುದು ಒಂದು, ಬೀದಿಗೆ ತರುವುದು ಇನ್ನೊಂದು.

ನಮ್ಮ ಕೂಟದ ಹಳಬರಿಗೆ 2003ರ ಆಗಸ್ಟ್ 14 ನೆನಪಿರಲೇಬೇಕು. ಆ ಸಂಜೆ ಅಮೆರಿಕ, ಕೆನಡಾ ಸೇರಿ 5 ಕೋಟಿ ಜನಕ್ಕೆ ಕರೆಂಟು ಹೋಯಿತು. ಓಹಾಯೋದಲ್ಲಿ ತಂತಿ ಮರಕ್ಕೆ ತಗುಲಿತ್ತು, ಕಂಟ್ರೋಲ್ ರೂಮಿನ ಎಚ್ಚರಿಕೆ ಗಂಟೆಯ ಸಾಫ್ಟ್‌ವೇರ್ ಅದಕ್ಕೂ ಮುಂಚೆಯೇ ಸತ್ತು ಮಲಗಿತ್ತು. ಪಕ್ಕದವನ ಜಾಲದಲ್ಲಿ ಏನಾಗುತ್ತಿದೆ ಎಂದು ಇವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಆಮೇಲೆ ಶಾಸನಗಳು ಒಂದರ ಹಿಂದೊಂದು ಬಂದವು. 2007ರ ಕಾಯ್ದೆ ಸ್ಮಾರ್ಟ್ ಗ್ರಿಡ್ ಉಪಕರಣಗಳ ಪರಸ್ಪರ ಹೊಂದಾಣಿಕೆಗೆ ಒಂದು ಚೌಕಟ್ಟು ಹಾಕಿಕೊಡಿ ಎಂದು ನಿಸ್ಟ್ ಸಂಸ್ಥೆಗೆ ವಹಿಸಿತು. ನಿಸ್ಟ್‌ನವರು 2010ರ ಜನವರಿಯಲ್ಲಿ 75 ಸ್ಟ್ಯಾಂಡರ್ಡುಗಳ ಮೊದಲ ಪಟ್ಟಿ ಹೊರತಂದರು. ತಮಾಷೆ ಎಂದರೆ ಸ್ಮಾರ್ಟ್ ಗ್ರಿಡ್‌ಗೆಂದು ಸರ್ಕಾರ 340 ಕೋಟಿ ಡಾಲರ್ ಹಂಚಿದ್ದು ಅದಕ್ಕೂ ಮೂರು ತಿಂಗಳ ಮುಂಚೆ, 2009ರ ಅಕ್ಟೋಬರಿನಲ್ಲಿ. ಮದುವೆ ಊಟ ಮೊದಲು, ಜಾತಕ ಆಮೇಲೆ!

ಇನ್ನೊಂದು ತಮಾಷೆ 2011ರ ಜುಲೈನಲ್ಲಿ ನಡೆಯಿತು. ನಿಸ್ಟ್ ಆರಿಸಿಕೊಟ್ಟ ಐದು ಗುಂಪು ಐ.ಇ.ಸಿ. ಸ್ಟ್ಯಾಂಡರ್ಡುಗಳನ್ನು ನಿಯಮವಾಗಿ ಅಂಗೀಕರಿಸಬೇಕೇ ಎಂಬ ಪ್ರಶ್ನೆ ಇಲ್ಲಿನ ಕೇಂದ್ರ ಇಂಧನ ನಿಯಂತ್ರಣ ಆಯೋಗದ ಮುಂದೆ ಬಂತು. “ಸಾಕಷ್ಟು ಒಮ್ಮತ ಇಲ್ಲ” ಎಂದು ಆಯೋಗ ಕೈಬಿಟ್ಟಿತು. ಆ ಐದರಲ್ಲಿ ನಾವೆಲ್ಲ ದಿನಾ ಬಳಸುವ ಐ.ಇ.ಸಿ. 61850 ಕೂಡ ಇತ್ತು. ಅದು ಸಬ್‌ಸ್ಟೇಷನ್ನಿನ ಒಳಗಿನ ಉಪಕರಣಗಳ ಸಂಭಾಷಣೆಯ ಸ್ಟ್ಯಾಂಡರ್ಡು. ಅದು ಬರುವ ಮುಂಚೆ ಒಂದು ಕಂಪನಿಯ ರಿಲೇ ಇನ್ನೊಂದರ ಜೊತೆ ಮಾತಾಡಬೇಕಾದರೆ ನಡುವೆ ದುಭಾಷಿ ಪೆಟ್ಟಿಗೆ ಇಡಬೇಕಿತ್ತು. ಅಮೆರಿಕದವರು ತಮ್ಮದೊಂದು, ಯೂರೋಪಿನವರು ತಮ್ಮದೊಂದು ಮಾಡಿಕೊಳ್ಳುತ್ತಿದ್ದರು. ತೊಂಬತ್ತರ ದಶಕದಲ್ಲಿ ಯಾರಿಗೋ ಬುದ್ಧಿ ಬಂದು ಎರಡನ್ನೂ ಕೂಡಿಸಿದರು. 2003ರಿಂದ 2005ರ ಹೊತ್ತಿಗೆ ಮೊದಲ ಆವೃತ್ತಿ ಬಂತು. ನಿಯಮವಾಗದಿದ್ದರೂ ಜಗತ್ತಿನ ಎಷ್ಟೋ ದೇಶಗಳಲ್ಲಿ ಅದೇ ನಡೆಯುತ್ತಿದೆ.

ಸಮಿತಿಯೊಳಗೆ ಏನು ನಡೆಯುತ್ತದೆ ಎಂದು ಕೇಳುತ್ತೀರಾ? ಒಂದು ವಾಕ್ಯದಲ್ಲಿ ‘ಶಲ್’ ಇರಬೇಕೋ ‘ಶುಡ್’ ಇರಬೇಕೋ ಎಂದು ಎರಡು ಗಂಟೆ ಜಗಳ! ನಮ್ಮ ಕೂಟದ ಸರ್ವಸದಸ್ಯರ ಸಭೆಯೇ ವಾಸಿ. ಆದರೆ ಆ ಒಂದು ಪದದ ಹಿಂದೆ ಕೋಟಿಗಟ್ಟಲೆ ಹಣ ಇರುತ್ತದೆ. ‘ಶಲ್’ ಆದರೆ ಯಾವುದೋ ಒಂದು ಕಂಪನಿ ತನ್ನ ಉಪಕರಣವನ್ನೆಲ್ಲ ತಿದ್ದಬೇಕು, ‘ಶುಡ್’ ಆದರೆ ಬೇಕಾದರೆ ಮಾಡು, ಬಿಟ್ಟರೆ ಬಿಡು. ಹಾಗಾಗಿ ದೊಡ್ಡ ಕಂಪನಿಗಳು ಸಂಬಳ ಕೊಟ್ಟು, ವಿಮಾನದ ಟಿಕೆಟ್ ಕೊಟ್ಟು ತಮ್ಮವರನ್ನು ಕಳಿಸುತ್ತವೆ. ಬಳಸುವವನು ಬರುವುದಿಲ್ಲ, ಅವನಿಗೆ ಟಿಕೆಟ್ ಕೊಡುವವರು ಯಾರು?

ಹಾಗಂತ ಎಲ್ಲರೂ ಒಂದೇ ನಿಯಮ ಪಾಲಿಸಿದರೆ ಎಲ್ಲ ಸುಖ ಎಂದು ನಾನು ಹೇಳುತ್ತಿಲ್ಲ. ಕೆಟ್ಟ ನಿಯಮವನ್ನು ಲಕ್ಷ ಜನ ಪಾಲಿಸಿದರೆ ಅದು ಒಬ್ಬ ಪಾಲಿಸುವುದಕ್ಕಿಂತ ಅಪಾಯ. ಜರ್ಮನಿಯನ್ನೇ ನೋಡಿ. ಅಲ್ಲಿ ಮಾಡಿನ ಮೇಲಿನ ಸೋಲಾರ್ ಇನ್ವರ್ಟರುಗಳಿಗೆ, ಜಾಲದ ಆವರ್ತನ 50.2 ಹರ್ಟ್ಸ್ ಮುಟ್ಟಿದೊಡನೆ ಕಳಚಿಕೋ ಎಂದು ನಿಯಮ ಇಟ್ಟಿದ್ದರು. ಸೋಲಾರ್ ನಾಲ್ಕು ಮನೆಯಲ್ಲಿದ್ದಾಗ ಸರಿಯೇ. ಲಕ್ಷಾಂತರ ಆದ ಮೇಲೆ, ಎಲ್ಲವೂ ಒಂದೇ ಕ್ಷಣದಲ್ಲಿ ಕಳಚಿಕೊಂಡರೆ ಯೂರೋಪಿನ ಜಾಲವೇ ಮಗುಚುತ್ತದಲ್ಲಾ ಎಂದು ಆಮೇಲೆ ಹೊಳೆಯಿತು. 2012ರಲ್ಲಿ ಸರ್ಕಾರವೇ ಕಾನೂನು ತಂದು 3 ಲಕ್ಷಕ್ಕೂ ಹೆಚ್ಚು ಘಟಕಗಳನ್ನು ತಿದ್ದಿಸಬೇಕಾಯಿತು. ಇಲ್ಲೂ ಅಷ್ಟೇ. 2003ರ ಐ.ಟ್ರಿಪಲ್.ಇ. 1547 ಸ್ಟ್ಯಾಂಡರ್ಡು, ಜಾಲದಲ್ಲಿ ಏರುಪೇರಾದರೆ ಸಣ್ಣ ಉತ್ಪಾದಕರು ಕಳಚಿಕೊಳ್ಳಲಿ ಎಂದಿತ್ತು. 2018ರ ಆವೃತ್ತಿ ಅದನ್ನು ತಲೆಕೆಳಗು ಮಾಡಿ, ಸಣ್ಣಪುಟ್ಟ ಏರುಪೇರಿಗೆಲ್ಲ ಓಡಿಹೋಗದೆ ಕಚ್ಚಿಕೊಂಡು ನಿಲ್ಲಬೇಕು ಎಂದಿತು. ಮನೆ ಸೋಲಾರಿಗಷ್ಟೇ ಅಲ್ಲ, ದೊಡ್ಡ ಸೋಲಾರ್ ಸ್ಥಾವರಗಳಿಗೂ ಓಡಿಹೋಗುವ ಚಾಳಿ ಇತ್ತು. 2016ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಕಾಳ್ಗಿಚ್ಚೊಂದು ಹೈ ಟೆನ್ಷನ್ ತಂತಿಗಳಿಗೆ ತಗುಲಿದಾಗ, ಇನ್ವರ್ಟರುಗಳು ಆವರ್ತನವನ್ನು ತಪ್ಪಾಗಿ ಅಳೆದು ಸುಮಾರು 1,200 ಮೆಗಾವಾಟ್ ಸೌರ ವಿದ್ಯುತ್ತು ಏಕಾಏಕಿ ಮಾಯವಾಗಿತ್ತು. ನಮ್ಮ ಪಾವಗಡದ ಸೋಲಾರ್ ಪಾರ್ಕ್ ಒಟ್ಟು 2,050 ಮೆಗಾವಾಟಿನದು. ಅದರ ಅರ್ಧಕ್ಕೂ ಹೆಚ್ಚು ಕಣ್ಣು ಮಿಟುಕಿಸುವಷ್ಟರಲ್ಲಿ ಹೋದಂತೆ ಊಹಿಸಿಕೊಳ್ಳಿ.

ಈ ಪತ್ರಿಕೆಯ ಹಳೆಯ ಓದುಗರಿಗೆ ಸ್ಟ್ಯಾಂಡರ್ಡಿನ ಮಹಿಮೆ ತಿಳಿಸಲು ನಿಜವಾಗಿ ನಾನು ಜರ್ಮನಿಗೆ ಹೋಗಬೇಕಾಗಿಯೇ ಇಲ್ಲ. ಒಂದು ಕಾಲಕ್ಕೆ ‘ಬರಹ’ದಲ್ಲಿ ಬರೆದು ಕಳಿಸಿದ ಲೇಖನ ‘ನುಡಿ’ ಇದ್ದವರ ಕಂಪ್ಯೂಟರಿನಲ್ಲಿ ಚೌಕ, ಚುಕ್ಕಿ, ಪ್ರಶ್ನಾರ್ಥಕ ಚಿಹ್ನೆಗಳ ಸಂತೆಯಾಗಿ ತೆರೆದುಕೊಳ್ಳುತ್ತಿತ್ತು, ನೆನಪಿದೆಯೇ? “ಫಾಂಟ್ ಇಳಿಸಿಕೊಳ್ಳಿ” ಎಂಬ ಸೂಚನೆಯೇ ಪತ್ರಿಕೆಯ ಮೊದಲ ಸಾಲು. ಯೂನಿಕೋಡ್ ಬಳಕೆಗೆ ಬಂದ ಮೇಲೆ ಆ ಗೋಳು ತಪ್ಪಿತು. ಇವತ್ತು ನಿಮ್ಮ ಅತ್ತೆಯವರು ಶಿವಮೊಗ್ಗದಿಂದ ಫೋನಿನಲ್ಲೇ ಕನ್ನಡದಲ್ಲಿ ಬೈಯಬಲ್ಲರು, ನೀವು ಡಿಟ್ರಾಯಿಟ್‌ನಲ್ಲಿ ಒಂದಕ್ಷರ ಬಿಡದೆ ಓದಬಲ್ಲಿರಿ. ಆದರೆ ಅದೇ ಯೂನಿಕೋಡಿನಲ್ಲಿ ‘ರ್‍ಯಾಂಕ್’ ಎಂದು ಬರೆಯಲು ಕಣ್ಣಿಗೆ ಕಾಣದ ಒಂದು ಗುಪ್ತ ಅಕ್ಷರವನ್ನು ಇಂದಿಗೂ ನಡುವೆ ತುರುಕಬೇಕು, ಇಲ್ಲದಿದ್ದರೆ ಅರ್ಕಾವತ್ತು ಬಂದು ಕೂರುತ್ತದೆ. ಸ್ಟ್ಯಾಂಡರ್ಡು ಒಮ್ಮೆ ಗಟ್ಟಿಯಾದ ಮೇಲೆ ಇಂಥ ಸಣ್ಣ ಮುಳ್ಳುಗಳ ಜೊತೆ ಬಾಳಬೇಕಾಗುತ್ತದೆ. ಮುಳ್ಳು ಚುಚ್ಚುವವರು ಆರಂಭದಲ್ಲೇ ಆ ಕೋಣೆಯಲ್ಲಿ ಇರಬೇಕು ಎನ್ನುವುದು ಇದಕ್ಕೇ.

ಈಗ ಊರಿನ ಮಾತಿಗೆ ಬರೋಣ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು, ಎರಡನೇ ದಿನ 60 ಕೋಟಿಗೂ ಹೆಚ್ಚು ಜನರಿದ್ದ ಪ್ರದೇಶ ಕತ್ತಲಾದಾಗ ನಮ್ಮ ದಕ್ಷಿಣ ಉಳಿದುಕೊಂಡಿತು. ಆಗ ನಮ್ಮ ಜಾಲ ಉತ್ತರದ ಜೊತೆ ಒಂದೇ ತಾಳದಲ್ಲಿ ಬಡಿಯುತ್ತಿರಲಿಲ್ಲ. ಮರುವರ್ಷ, 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ಎಲ್ಲವೂ ಒಂದಾದವು. ಇಡೀ ದೇಶಕ್ಕೆ ಒಂದೇ ನಾಡಿ. ಲಾಭ ಬಹಳ, ಆದರೆ ಇನ್ನು ಮೇಲೆ ಒಬ್ಬನ ತಪ್ಪು ಎಲ್ಲರ ತಪ್ಪು. ಅದೇ ಹೊತ್ತಿಗೆ ಕೇಂದ್ರ ಸರ್ಕಾರ ದೇಶದಲ್ಲಿ 14 ಕಡೆ ಸ್ಮಾರ್ಟ್ ಗ್ರಿಡ್ ಪ್ರಯೋಗಗಳಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಒಂದು ಮೈಸೂರಿನ ವಿ.ವಿ. ಮೊಹಲ್ಲಾ ಭಾಗದ್ದು, ಸುಮಾರು 22 ಸಾವಿರ ಗ್ರಾಹಕರು. 2021ರಲ್ಲಿ ಬಂದ ಕೇಂದ್ರದ ಯೋಜನೆಯ ಗುರಿ 25 ಕೋಟಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರು. ನಮ್ಮ ರಾಜ್ಯದಲ್ಲಿ 2025ರಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರು ಕಡ್ಡಾಯ ಎಂದಾಗ ಬೆಲೆಯ ಬಗ್ಗೆ ಎದ್ದ ಗಲಾಟೆಯನ್ನು ನೀವೂ ಓದಿರುತ್ತೀರಿ. ಗಲಾಟೆಯೆಲ್ಲ ಬೆಲೆಯ ಸುತ್ತಲೇ ಆಯಿತು. ಮೀಟರು ಯಾರ ಭಾಷೆ ಮಾತಾಡುತ್ತದೆ ಎಂದು ಯಾರೂ ಕೇಳಲಿಲ್ಲ.

ಕೇಳಿದ್ದು ನಮ್ಮ ಚಿಕ್ಕಪ್ಪ ಒಬ್ಬರೇ. ಒಂಟಿಕೊಪ್ಪಲಿನಲ್ಲಿದ್ದಾರೆ, ಕೆ.ಇ.ಬಿ.ಯಿಂದ ನಿವೃತ್ತರಾಗಿ ಯಾವ ಕಾಲವಾಯಿತೋ. ಕೆ.ಇ.ಬಿ. ಹೋಗಿ ಕೆ.ಪಿ.ಟಿ.ಸಿ.ಎಲ್., ಅದರಿಂದ ಬೆಸ್ಕಾಂ, ಸೆಸ್ಕ್ ಎಲ್ಲ ಹುಟ್ಟಿದರೂ ಅವರ ಪಾಲಿಗೆ ಎಲ್ಲವೂ ಕೆ.ಇ.ಬಿ.ಯೇ. ಫೋನಿನಲ್ಲಿ ಹೇಳಿದರು: “ಲೋ, ಗೃಹಜ್ಯೋತಿ ಬಂದ್ಮೇಲೆ ಬಿಲ್ಲೇ ಸೊನ್ನೆ ಕಣೋ, ಮೀಟರು ಜಾಣ ಆದ್ರೆಷ್ಟು, ದಡ್ಡ ಆದ್ರೆಷ್ಟು ಅನ್ಕೊಂಡಿದ್ದೆ. ಆದ್ರೆ ಪ್ರೀಪೇಯ್ಡ್ ಆದ್ರೆ ದುಡ್ಡು ಮುಗಿದ ತಕ್ಷಣ ಅಲ್ಲಿಂದ್ಲೇ ಕರೆಂಟ್ ತೆಗೀತಾರಂತಲ್ಲ. ಮುಂಚೆ ಫ್ಯೂಸ್ ಕೀಳೋಕೆ ಲೈನ್‌ಮನ್ ಬರ್ತಿದ್ದ, ಒಂದು ಲೋಟ ಕಾಫಿ ಕೊಟ್ಟು ಎರಡು ದಿನ ಟೈಮ್ ಕೇಳಬಹುದಿತ್ತು. ಈ ಪೆಟ್ಟಿಗೆಗೆ ಯಾರು ಕಾಫಿ ಕೊಡ್ತಾರೆ? ಇನ್ನೊಂದು ಹೇಳು, ಇವತ್ತು ಮೀಟರು ಹಾಕಿದ ಕಂಪನಿ ನಾಳೆ ಬಾಗಿಲು ಹಾಕ್ಕೊಂಡ್ರೆ ಬೇರೆಯವನು ಇದನ್ನ ಓದಬಲ್ಲನಾ?”

ನಮ್ಮ ಸಮಿತಿಯಲ್ಲಿ ಡಾಕ್ಟರೇಟು ಮಾಡಿದವರೂ ಇಷ್ಟು ನೇರವಾಗಿ ಕೇಳಿದ್ದು ನಾನು ಕಾಣೆ. ಎರಡನೆಯ ಪ್ರಶ್ನೆಗೆ ಉತ್ತರ ‘ಅರ್ಧ ಹೌದು’. ಮೀಟರಿನೊಳಗಿನ ಅಂಕಿ ಅಂಶ ಹೇಗಿರಬೇಕು ಎಂಬುದಕ್ಕೆ ಭಾರತದಲ್ಲಿ ಒಳ್ಳೆಯ ಸ್ಟ್ಯಾಂಡರ್ಡೇ ಇದೆ. ಐ.ಎಸ್. 15959 ಎಂದು, ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡಿನ ಮೇಲೆ ಕಟ್ಟಿದ್ದು. ಸ್ಮಾರ್ಟ್ ಮೀಟರಿಗೆ 2015ರ ಐ.ಎಸ್. 16444 ಇದೆ. ಆದರೆ ಆ ಮಾತನ್ನು ಮೀಟರಿನಿಂದ ಹೊತ್ತೊಯ್ಯುವ ರೇಡಿಯೋ ಜಾಲ ಎಷ್ಟೋ ಕಡೆ ಆಯಾ ಕಂಪನಿಯ ಖಾಸಗಿ ಸೊತ್ತು. ಪತ್ರ ಅಚ್ಚ ಕನ್ನಡದಲ್ಲಿದೆ, ಆದರೆ ಅಂಚೆಯವನು ಒಬ್ಬ ಸಾಹುಕಾರನ ಮನೆಯಾಳು ಎಂದ ಹಾಗೆ. ಬ್ರಿಟನ್ನಿನಲ್ಲಿರುವ ನಮ್ಮವರಿಗೆ ಇದರ ರುಚಿ ಗೊತ್ತು. ಅಲ್ಲಿ ಮೊದಲ ಪೀಳಿಗೆಯ ಸ್ಮಾರ್ಟ್ ಮೀಟರುಗಳು, ಗ್ರಾಹಕ ವಿದ್ಯುತ್ ಕಂಪನಿ ಬದಲಿಸಿದ ಕೂಡಲೇ ಎಷ್ಟೋ ಸಲ ಜಾಣತನ ಕಳೆದುಕೊಂಡು ಹಳೆಯ ದಡ್ಡ ಮೀಟರುಗಳಾಗಿ ಕೂತವು. ಆಮೇಲೆ ಲಕ್ಷಾಂತರ ಮೀಟರುಗಳನ್ನು ಒಂದು ಸಮಾನ ಜಾಲಕ್ಕೆ ತರಲು ವರ್ಷಗಳೇ ಹಿಡಿದವು. ಬ್ರಿಟನ್ನಿಗೆ ಆ ತಪ್ಪಿನ ಖರ್ಚು ತಡೆದುಕೊಳ್ಳುವ ಶಕ್ತಿ ಇದೆ. 25 ಕೋಟಿ ಮೀಟರಿನ ದೇಶ ಅದೇ ತಪ್ಪು ಮಾಡಿದರೆ?

ಕಾಫಿಯ ಪ್ರಶ್ನೆ ಇನ್ನೂ ಗಹನ. ರಾತ್ರಿ ಹೊತ್ತು ಕಡಿಯಬಾರದು, ಹಬ್ಬದ ದಿನ ಕಡಿಯಬಾರದು, ಮನೆಯಲ್ಲಿ ಆಕ್ಸಿಜನ್ ಯಂತ್ರ ನಂಬಿಕೊಂಡ ರೋಗಿ ಇದ್ದರೆ ಕಡಿಯಬಾರದು ಎಂಬ ದಯೆಯ ನಿಯಮವನ್ನು ಮಾಡುವುದು ರಾಜ್ಯದ ನಿಯಂತ್ರಣ ಆಯೋಗದ ಕೆಲಸ, ನಿಜ. ಆದರೆ ಅದನ್ನು ಬರೆದಿಡಲು ಮೀಟರಿನ ಭಾಷೆಯಲ್ಲಿ ಒಂದು ಜಾಗ ಇರಬೇಕು. ಜಾಗವೇ ಇಲ್ಲದಿದ್ದರೆ ದಯೆ ಸುತ್ತೋಲೆಯಲ್ಲೇ ಉಳಿಯುತ್ತದೆ. ಹಾಗೆಯೇ ಅರ್ಧ ಗಂಟೆಗೊಮ್ಮೆ ಬಳಕೆ ದಾಖಲಿಸುವ ಮೀಟರು, ನೀವು ಎಷ್ಟು ಹೊತ್ತಿಗೆ ಏಳುತ್ತೀರಿ, ಯಾವಾಗ ಮನೆಗೆ ಬೀಗ ಹಾಕಿ ಧರ್ಮಸ್ಥಳಕ್ಕೆ ಹೋದಿರಿ ಎಲ್ಲವನ್ನೂ ಹೇಳಿಬಿಡುತ್ತದೆ. ಇಲ್ಲಿ ಅಮೆರಿಕದಲ್ಲಿ 2012ರಿಂದ ‘ಗ್ರೀನ್ ಬಟನ್’ ಎಂಬ ವ್ಯವಸ್ಥೆ ಇದೆ. ಅದಕ್ಕೆ ಸೇರಿದ ವಿದ್ಯುತ್ ಕಂಪನಿಗಳ ಜಾಲತಾಣದಲ್ಲಿ ನಮ್ಮ ಮನೆಯ ಲೆಕ್ಕವನ್ನು ಒಂದೇ ನಮೂನೆಯಲ್ಲಿ ನಾವೇ ಇಳಿಸಿಕೊಳ್ಳಬಹುದು. ನನ್ನ ಮನೆಯ ಲೆಕ್ಕ ಮೊದಲು ನನ್ನದು. ಈ ಒಂದು ತತ್ವವನ್ನು ಊರಿನ ಸ್ಟ್ಯಾಂಡರ್ಡಿನಲ್ಲಿ ‘ಶಲ್’ ಹಾಕಿ ಬರೆಯಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

“ಜಿನೀವಾದವರು ಮಾಡಿದ್ದನ್ನೇ ತೆಗೆದುಕೊಂಡರಾಯಿತು, ನಾವೇಕೆ ತಲೆ ಕೆಡಿಸಿಕೊಳ್ಳಬೇಕು” ಎನ್ನುವವರೂ ಇದ್ದಾರೆ. ಬಹುಪಾಲು ತೆಗೆದುಕೊಳ್ಳಲೇಬೇಕು, ಊರಿಗೊಂದು ಸೇರು ಇಟ್ಟುಕೊಂಡು ವ್ಯಾಪಾರ ಮಾಡಿದ ಕಾಲ ಹೋಯಿತು. ಆದರೆ ಜಿನೀವಾದ ಪುಸ್ತಕಕ್ಕೆ ನಮ್ಮ ಪಂಪ್‌ಸೆಟ್ಟು ಗೊತ್ತಿಲ್ಲ. ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪಿಗೆ ಕರೆಂಟು ಉಚಿತ, ತ್ರೀ ಫೇಸ್ ಬರುವುದು ದಿನದಲ್ಲಿ ಕೆಲವೇ ಗಂಟೆ, ಬಹಳಷ್ಟಕ್ಕೆ ಮೀಟರೇ ಇಲ್ಲ. ನಷ್ಟ ಎಲ್ಲಿ ಆಗುತ್ತಿದೆ ಎಂದು ತಿಳಿಯಬೇಕಾದರೆ ಒಂಟಿಕೊಪ್ಪಲಿನ ಮನೆಗಿಂತ ಮೊದಲು ಹಳ್ಳಿಯ ಟ್ರಾನ್ಸ್‌ಫಾರ್ಮರು ಜಾಣನಾಗಬೇಕು. ಇನ್ನು, ಕರೆಂಟು ಹೋದಾಗ ಫ್ಯಾನು, ದೀಪ ಓಡಿಸಲು ಊರಿನ ಮಧ್ಯಮ ವರ್ಗದ ಮನೆಮನೆಯಲ್ಲೂ ಒಂದು ಯು.ಪಿ.ಎಸ್. ಬ್ಯಾಟರಿ ಇದೆ. ಪಶ್ಚಿಮದವರು ‘ಮನೆಯಲ್ಲಿ ಬ್ಯಾಟರಿ’ ಎಂದು ಈಗ ಕನಸು ಕಾಣುತ್ತಿರುವುದು ನಮ್ಮಲ್ಲಿ ಮೆಟ್ಟಿಲ ಕೆಳಗೆ ಆಗಲೇ ಡಿಸ್ಟಿಲ್ಡ್ ವಾಟರ್ ಕುಡಿಯುತ್ತಾ ಕೂತಿದೆ! ಅದನ್ನು ಜಾಲಕ್ಕೆ ಜೋಡಿಸುವ ಭಾಷೆಯನ್ನು ಬೇರೆ ಯಾರೂ ನಮಗಾಗಿ ಬರೆದುಕೊಡುವುದಿಲ್ಲ. ಭಾರತ ಮಾತಾಡಿದರೆ ಕೇಳುವವರಿದ್ದಾರೆ ಎನ್ನುವುದಕ್ಕೆ ಉದಾಹರಣೆಯೂ ಇದೆ. ಕಡಿಮೆ ವೋಲ್ಟೇಜಿನ ನೇರ ವಿದ್ಯುತ್ತಿನ ವಿಷಯದಲ್ಲಿ ಭಾರತ 2017ರಲ್ಲೇ 48 ವೋಲ್ಟಿಗೆ ತನ್ನದೇ ಸ್ಟ್ಯಾಂಡರ್ಡು ಮಾಡಿತು, ಐ.ಇ.ಸಿ.ಯ ಅದೇ ವಿಷಯದ ಸಮಿತಿಯಲ್ಲೂ ಮುಂದಾಳುತನ ವಹಿಸಿತು.

ಒಂದು ಕೊರಗು ಹೇಳಿಯೇ ಬಿಡುತ್ತೇನೆ. ಐ.ಇ.ಸಿ.ಯ ದಾಖಲೆಗಳನ್ನು ಓದಲು ಒಂದೊಂದಕ್ಕೂ ನೂರಾರು ಸ್ವಿಸ್ ಫ್ರಾಂಕ್ ತೆರಬೇಕು. 61850ರ ಎಲ್ಲ ಭಾಗ ಕೊಳ್ಳಬೇಕಾದರೆ ಸಾವಿರಗಟ್ಟಲೆ. ನನಗೆ ಕಂಪನಿ ಕೊಡಿಸುತ್ತದೆ. ತುಮಕೂರಿನಲ್ಲೋ ಬಾಗಲಕೋಟೆಯಲ್ಲೋ ಬಿ.ಇ. ಓದುವ ಹುಡುಗಿ ಎಲ್ಲಿಂದ ತಂದಾಳು? ಭಾರತೀಯ ಮಾನಕ ಬ್ಯೂರೋ ತನ್ನದೇ ಸ್ಟ್ಯಾಂಡರ್ಡುಗಳನ್ನು ಈಗ ಉಚಿತವಾಗಿ ಓದಲು ಬಿಟ್ಟಿದೆ, ಭೇಷ್ ಎನ್ನಬೇಕು. ಆದರೆ ಐ.ಇ.ಸಿ.ಯಿಂದ ಯಥಾವತ್ತಾಗಿ ತಂದುಕೊಂಡವು ಆ ಉಚಿತ ಪಟ್ಟಿಯಲ್ಲಿಲ್ಲ. ಒಂದು ದೇಶದ ಜನ ಪಾಲಿಸಬೇಕಾದ ನಿಯಮವನ್ನು ಓದಲು ಆ ಜನ ದುಡ್ಡು ಕೊಡಬೇಕು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಹಣ ಬರದಿದ್ದರೆ ಸಂಸ್ಥೆ ನಡೆಯುವುದು ಹೇಗೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಲಾಭ ಮಾಡುವ ಕಂಪನಿಗಳು ಸದಸ್ಯ ಶುಲ್ಕ ಹೆಚ್ಚು ಕೊಡಲಿ.

ನಮ್ಮಲ್ಲಿ ವಿದ್ಯುತ್, ಸಂಪರ್ಕ, ಸೈಬರ್ ಭದ್ರತೆ, ಬ್ಯಾಟರಿ ಕಾರಿನ ಕ್ಷೇತ್ರದಲ್ಲಿ ಕೆಲಸ ಮಾಡುವವರು ಈ ಒಂದು ಕೂಟದಲ್ಲೇ ಮೂವತ್ತು ಜನಕ್ಕೆ ಕಡಿಮೆಯಿಲ್ಲ. ಉದ್ಯೋಗ ಕೊಟ್ಟ ಕಂಪನಿಯ ಗುಟ್ಟು ಬಿಟ್ಟುಕೊಡಿ ಎಂದು ಯಾರೂ ಕೇಳುತ್ತಿಲ್ಲ, ಹಾಗೆ ಮಾಡಲೂಬಾರದು. ಆದರೆ ಮಾನಕ ಬ್ಯೂರೋದ ಕರಡುಗಳು ಸಾರ್ವಜನಿಕರ ಅಭಿಪ್ರಾಯಕ್ಕೆಂದು ಜಾಲತಾಣದಲ್ಲಿ ಬರುತ್ತವೆ. ಮೀಟರಿನ ಸಮಿತಿಯ ಹೆಸರು ಇ.ಟಿ.ಡಿ. 13, ಜಾಲದ ನಿಯಂತ್ರಣ ಮತ್ತು ಸಂಪರ್ಕದ್ದು ಎಲ್.ಐ.ಟಿ.ಡಿ. 10. ಕರಡು ಓದಿ, ಇಂಥ ಕಲಮು ಹೀಗಿರಲಿ, ಕಾರಣ ಇದು ಎಂದು ಬರೆದು ಕಳಿಸಲು ಯಾವ ವೀಸಾವೂ ಬೇಡ. ಯುಗಾದಿ ಕಾರ್ಯಕ್ರಮದ ದಿನ ಊಟವಾದ ಮೇಲೆ ಆಸಕ್ತರು ಸಭಾಂಗಣದ ಹಿಂದಿನ ಕೋಣೆಗೆ ಬನ್ನಿ. ಆಗ ಅಭಿಪ್ರಾಯಕ್ಕೆ ತೆರೆದಿರುವ ಒಂದು ಕರಡನ್ನು ನಾನು ಪ್ರಿಂಟ್ ತೆಗೆದು ತರುತ್ತೇನೆ, ಹೋಳಿಗೆಯ ನಿದ್ದೆ ಬರುವುದರೊಳಗೆ ನಾಲ್ಕು ಕಲಮನ್ನಾದರೂ ನೋಡೋಣ. ಚಿಕ್ಕಪ್ಪನೂ ಫೋನಿನಲ್ಲಿ ಇರುತ್ತೇನೆ ಎಂದಿದ್ದಾರೆ, ಅಲ್ಲಿ ಆಗ ನಡುರಾತ್ರಿಯಾದರೂ.